ಎಲ್ಲರಿಗೂ ಆಗೋದೇ ಬಿಡಮ್ಮಾ

ನಮ್ಮಲ್ಲಿ ತಜ್ಞ ವೈದ್ಯರ ಕೊರತೆಯಿದೆ ಎಂದು ಪತ್ರಿಕೆಗಳು ಆಗಾಗ ಗೋಳಿಡುತ್ತವೆ. ಹೆಣ್ಣುಮಕ್ಕಳ ಮುಟ್ಟಿನ ಹೊಟ್ಟೆನೋವಿನ ವಿಭಾಗದಲ್ಲಿ ಮಾತ್ರ ಅಂಥ ಕೊರತೆ ಎಂದೂ ಬಿದ್ದಿಲ್ಲ. ಇಲ್ಲಿ ಅಜ್ಜಿ ತಜ್ಞೆ, ಅತ್ತೆ ತಜ್ಞೆ, ಎದುರುಮನೆ ಆಂಟಿ ತಜ್ಞೆ. ಪಿ.ಟಿ. ಮೇಷ್ಟ್ರು, ಮೆಡಿಕಲ್ ಶಾಪಿನ ಹುಡುಗ, ಆಫೀಸಿನ ಮ್ಯಾನೇಜರು ಇವರೆಲ್ಲ ತಜ್ಞರು. ಜಾತಕ ನೋಡುವವರಂತೂ ಮಹಾತಜ್ಞರು. ಈ ವಿಷಯದಲ್ಲಿ ಏನೂ ತಿಳಿಯದವಳು ಒಬ್ಬಳೇ, ಹೊಟ್ಟೆ ಹಿಡಿದುಕೊಂಡು ಮಲಗಿರುವವಳು.

ಈ ಮಂಡಳಿ ಒಮ್ಮತದ ತೀರ್ಪು ಕೊಟ್ಟು ಎಷ್ಟೋ ತಲೆಮಾರಾಯಿತು: "ಎಲ್ಲರಿಗೂ ಆಗೋದೇ ಬಿಡಮ್ಮಾ." ರಕ್ತ ಪರೀಕ್ಷೆ ಬೇಡ, ಸ್ಕ್ಯಾನಿಂಗ್ ಬೇಡ, ಫೀಸೂ ಇಲ್ಲ. ಬಾಗಿಲಲ್ಲಿ ನಿಂತೇ ಹೇಳಿ ಹೋಗಬಹುದು.

ತೊಡಕು ಒಂದೇ. ಎಲ್ಲರಿಗೂ ಆಗುವುದಿಲ್ಲ. ಮುಟ್ಟಿನ ದಿನ ಸೊಂಟ ಹಿಡಿಯುವುದು, ಕಿಬ್ಬೊಟ್ಟೆ ನುಲಿಯುವುದು ಬಹಳ ಜನರಿಗೆ ಉಂಟು. ಒಂದು ಮಾತ್ರೆಗೋ ಒಂದು ನಿದ್ದೆಗೋ ಅದು ಇಳಿಯುತ್ತದೆ. ಹತ್ತು ಹೆಣ್ಣುಮಕ್ಕಳಲ್ಲಿ ಸುಮಾರು ಒಬ್ಬಳಿಗೆ ಆಗುವುದು ಬೇರೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದ ಪ್ರಕಾರ ಹೆರುವ ವಯಸ್ಸಿನ ಶೇ 10ರಷ್ಟು ಮಂದಿಗೆ, ಅಂದರೆ ಜಗತ್ತಿನ ಸುಮಾರು 19 ಕೋಟಿ ಹೆಂಗಸರಿಗೆ ಎಂಡೊಮೆಟ್ರಿಯೋಸಿಸ್ ಇದೆ. ಈ ಬರಹದ ನಾಯಕಿ ಅವರಲ್ಲೊಬ್ಬಳು. ಅವಳಿಗೆ ಹೆಸರಿಡುವುದಿಲ್ಲ. ಇಟ್ಟರೆ ಯಾರ ಮನೆ ಹುಡುಗಿ, ಮದುವೆ ಆಗಿದೆಯಾ ಎಂದು ವಿಚಾರಣೆ ಶುರುವಾಗುತ್ತದೆ. ಹತ್ತನೆಯವಳು ಎನ್ನೋಣ.

ಗರ್ಭಕೋಶದ ಒಳಗೋಡೆಗೆ ಒಂದು ಪದರವಿದೆ. ತಿಂಗಳು ತಿಂಗಳೂ ಬೆಳೆಯುವುದು, ಗರ್ಭ ನಿಲ್ಲದಿದ್ದರೆ ಕಳಚಿ ರಕ್ತದೊಂದಿಗೆ ಹೊರಬೀಳುವುದು ಅದರ ಕಾಯಕ. ಹತ್ತನೆಯವಳಲ್ಲಿ ಅದನ್ನೇ ಹೋಲುವ ಅಂಗಾಂಶ ಗರ್ಭಕೋಶದ ಹೊರಗೂ ಬೇರುಬಿಟ್ಟಿರುತ್ತದೆ. ಅಂಡಾಶಯ, ಅಂಡನಾಳ, ಕಿಬ್ಬೊಟ್ಟೆಯ ಒಳಪೊರೆ, ಕರುಳು, ಮೂತ್ರಕೋಶ, ಅಪರೂಪಕ್ಕೆ ವಪೆ ಮತ್ತು ಶ್ವಾಸಕೋಶದವರೆಗೂ ಅದು ಹೋದದ್ದುಂಟು. ಹಾರ್ಮೋನಿನ ಆಣತಿ ಅಲ್ಲಿಗೂ ತಲುಪುತ್ತದೆ. ಅದೂ ಊದುತ್ತದೆ, ಒಸರುತ್ತದೆ. ಮೋರಿಯೇ ಇಲ್ಲದ ಬಚ್ಚಲಿಗೆ ತಿಂಗಳಿಗೊಮ್ಮೆ ಹಂಡೆ ನೀರು ಸುರಿದ ಹಾಗೆ. ಹೋಗಲು ದಾರಿಯಿಲ್ಲದೆ ನಿಂತದ್ದು ಉರಿಯೂತ ಎಬ್ಬಿಸುತ್ತದೆ, ಗಾಯ ಮಾಗಿ ಗಂಟಾಗುತ್ತದೆ, ಒಂದು ಅಂಗ ಇನ್ನೊಂದಕ್ಕೆ ಅಂಟಿಕೊಳ್ಳುತ್ತದೆ. ಅಂಡಾಶಯದಲ್ಲಿ ಹಳೆಯ ರಕ್ತ ತುಂಬಿ ಗಡ್ಡೆ ಕಟ್ಟಿದರೆ ಅದೇ ಚಾಕೊಲೇಟ್ ಸಿಸ್ಟ್.

ಇದೇನು ನಿನ್ನೆ ಮೊನ್ನೆ ಹುಟ್ಟಿದ ಫ್ಯಾಷನ್ ಕಾಯಿಲೆಯಲ್ಲ. ವಿಯೆನ್ನಾದ ರೋಗಶಾಸ್ತ್ರಜ್ಞ ಕಾರ್ಲ್ ಫಾನ್ ರೋಕಿಟಾನ್‌ಸ್ಕಿ 1860ರಲ್ಲೇ ಇಂಥ ಅಂಗಾಂಶದ ಬಗ್ಗೆ ಬರೆದ. ಅಮೆರಿಕದ ಜಾನ್ ಸ್ಯಾಂಪ್ಸನ್ 1920ರ ದಶಕದಲ್ಲಿ ಅದಕ್ಕೆ ಈಗಿನ ಹೆಸರು ಕೊಟ್ಟು, ಮುಟ್ಟಿನ ರಕ್ತ ಅಂಡನಾಳದ ಮೂಲಕ ಹಿಂದಕ್ಕೆ ಹರಿದು ಹೀಗಾಗುತ್ತದೆ ಎಂದು ವಾದಿಸಿದ. ಹಾಗೆ ಹಿಂದಕ್ಕೆ ಹರಿಯುವುದು ಬಹುಪಾಲು ಹೆಂಗಸರಲ್ಲಿ ಉಂಟು, ರೋಗ ಬರುವುದು ಕೆಲವರಿಗೆ ಮಾತ್ರ. ಆದ್ದರಿಂದ ವಂಶವಾಹಿ, ರೋಗನಿರೋಧಕ ಶಕ್ತಿ, ಹಾರ್ಮೋನುಗಳ ಪಾತ್ರವನ್ನು ವಿಜ್ಞಾನ ಈಗಲೂ ಬಗೆಯುತ್ತಿದೆ. ಅಂತೂ ರೋಕಿಟಾನ್‌ಸ್ಕಿ ಬರೆದು ನೂರಾ ಅರವತ್ತು ವರ್ಷ ಮೀರಿತು, ಎದುರುಮನೆ ಆಂಟಿಗೆ ಇನ್ನೂ ಸುದ್ದಿ ಮುಟ್ಟಿಲ್ಲ.

ನೋವು ಶುರುವಾದ ದಿನದಿಂದ ರೋಗದ ಹೆಸರು ಕಿವಿಗೆ ಬೀಳುವ ದಿನದವರೆಗೆ ಎಷ್ಟು ಕಾಲ ಹಿಡಿಯುತ್ತದೆ? ಬೇರೆ ಬೇರೆ ದೇಶಗಳ ಅಧ್ಯಯನಗಳಲ್ಲಿ 4ರಿಂದ 12 ವರ್ಷ. ಈ ಅವಧಿಯಲ್ಲಿ ನಮ್ಮ ತಜ್ಞರ ಮಂಡಳಿ ಕೈಕಟ್ಟಿ ಕೂತಿರುತ್ತದೆ ಎಂದು ಯಾರೂ ಭಾವಿಸಬಾರದು. ಹಂತ ಹಂತವಾಗಿ, ವಿಭಾಗವಾರು ಚಿಕಿತ್ಸೆ ನಡೆದಿರುತ್ತದೆ.

ಕಷಾಯ ವಿಭಾಗ

ಹುಡುಗಿ ದೊಡ್ಡವಳಾದಳು ಎಂದರೆ ನಮಗೆ ಸಂಭ್ರಮ. ಹಸೆಗೆ ಕೂರಿಸಿ ಆರತಿ ಎತ್ತುತ್ತೇವೆ, ಚಿಗಳಿ ಉಂಡೆ, ಕೊಬ್ಬರಿ ಬೆಲ್ಲ ತಿನ್ನಿಸುತ್ತೇವೆ. ಅನುಕೂಲಸ್ಥರು ಛತ್ರ ಹಿಡಿದು ಫ್ಲೆಕ್ಸ್ ಕಟ್ಟಿಸುತ್ತಾರೆ. ಹೀಗೆ ಊರಿಗೆ ಊಟ ಹಾಕಿ ಸಾರಿದ ಸುದ್ದಿ ಮರುತಿಂಗಳಿಗೆ ರಾಜರಹಸ್ಯವಾಗುತ್ತದೆ. "ಅಣ್ಣನ ಮುಂದೆ ಹೊಟ್ಟೆ ಹಿಡ್ಕೊಂಡು ಓಡಾಡ್ಬೇಡ, ಅಪ್ಪ ಕೇಳಿದ್ರೆ ಜ್ವರ ಅನ್ನು."

ಹತ್ತನೆಯವಳು ಬಚ್ಚಲುಮನೆಯಲ್ಲಿ ಮಂಡಿ ಮಡಚಿ ಕೂತು ವಾಂತಿ ಮಾಡುತ್ತಿದ್ದರೆ ಹೊರಗಿನಿಂದ ಜೀರಿಗೆ ಕಷಾಯ ಬರುತ್ತದೆ, ಹಿಂದೆಯೇ ಮೆಂತ್ಯದ ನೀರು, ಅದರ ಹಿಂದೆ ಬಿಸಿನೀರಿನ ಚೀಲ. ಇವನ್ನು ಹಳಿಯುವಂತಿಲ್ಲ, ಬಿಸಿಶಾಖದಿಂದ ಕೊಂಚ ಹಿತವಾಗುವುದು ನಿಜ. ಕಷ್ಟ ಕಷಾಯದ್ದಲ್ಲ, ಅದರ ಜತೆ ಉಚಿತವಾಗಿ ಬರುವ ಭಾಷಣದ್ದು. "ನಮ್ ಕಾಲ್ದಲ್ಲಿ ಇದೇ ನೋವಲ್ಲಿ ರಾಗಿ ಬೀಸ್ತಿದ್ವಿ ಕಣೇ, ಒಂದಿನ ಬಾಯ್ಬಿಟ್ಟಿದ್ರೆ ಕೇಳು." ಅಜ್ಜಿ ಸುಳ್ಳು ಹೇಳುತ್ತಿಲ್ಲ. ಅವಳಿಗೂ ಇದೇ ರೋಗವಿತ್ತೋ ಏನೋ. ತಾಯಿಗೋ ಒಡಹುಟ್ಟಿದವಳಿಗೋ ಇದ್ದರೆ ಈ ರೋಗ ಬರುವ ಸಂಭವ ಹೆಚ್ಚು. ಅಂತೂ ನಮ್ಮ ಮನೆಗಳಲ್ಲಿ ಅಜ್ಜಿಯಿಂದ ಮೊಮ್ಮಗಳಿಗೆ ಒಡವೆಯ ಜತೆ ರೋಗ, ರೋಗದ ಜತೆ ಬಾಯಿ ಮುಚ್ಚಿಕೊಳ್ಳುವ ವಿದ್ಯೆ ಎಲ್ಲವೂ ಕ್ರಮವಾಗಿ ದಾಟುತ್ತಿವೆ.

ಹಾಜರಿ ವಿಭಾಗ

ಶಾಲೆಯಲ್ಲಿ ಹತ್ತನೆಯವಳಿಗೆ ಒಳ್ಳೆಯ ಹೆಸರಿಲ್ಲ. "ಪ್ರತಿ ತಿಂಗಳೂ ಇದೇ ನೆಪ ಇವಳದ್ದು" ಎನ್ನುತ್ತಾರೆ ಮೇಷ್ಟ್ರು. ಪ್ರತಿ ತಿಂಗಳೂ ಇದೇ ನೆಪ ಎಂಬುದೇ ರೋಗದ ಗುರುತು ಎಂದು ಅವರಿಗೆ ಹೊಳೆಯುವುದಿಲ್ಲ. ಮುಟ್ಟಿನ ನೋವಿಗೆ ಮೇಲಿಂದ ಮೇಲೆ ಶಾಲೆ ತಪ್ಪುವ ಹುಡುಗಿಯನ್ನು ವೈದ್ಯರಿಗೆ ತೋರಿಸಬೇಕು. ರೋಗಪತ್ತೆಗೆ ಬೇಕಾದ ಮೊದಲ ದಾಖಲೆ ಹಾಜರಿ ಪುಸ್ತಕದಲ್ಲಿ ಕೆಂಪು ಶಾಯಿಯಲ್ಲೇ ಇರುತ್ತದೆ. ಮೇಷ್ಟ್ರು ಅದರಲ್ಲಿ ಸೋಮಾರಿತನ ಓದುತ್ತಾರೆ.

ಶಾಲೆಯಿಂದ ಮೆಡಿಕಲ್ ಶಾಪು. ಅಲ್ಲಿ ಹೋಗಿ "ಆ ಮಾತ್ರೆ" ಎಂದರೆ ಸಾಕು, ಹುಡುಗ ಯಾವ ಮಾತ್ರೆ ಎಂದು ಕೇಳದೆ ಪೇಪರಿನಲ್ಲಿ ಸುತ್ತಿ ಕಪ್ಪು ಕವರಿಗೆ ಹಾಕಿ ಕೊಡುತ್ತಾನೆ. ಸಾಮಾನ್ಯವಾಗಿ ಅದು ಮೆಫೆನಾಮಿಕ್ ಆಮ್ಲವಿರುವ ಮಾತ್ರೆ. 2023ರ ನವೆಂಬರಿನಲ್ಲಿ ಭಾರತೀಯ ಫಾರ್ಮಕೋಪಿಯಾ ಆಯೋಗ ಈ ಔಷಧಿಯ ಬಗ್ಗೆ ಒಂದು ಎಚ್ಚರಿಕೆ ಹೊರಡಿಸಿತು. ಅಪರೂಪಕ್ಕೆ ಕೆಲವರಲ್ಲಿ ಮೈಮೇಲೆ ದದ್ದು, ಜ್ವರ ಬಂದು ಒಳಗಿನ ಅಂಗಗಳಿಗೂ ಪೆಟ್ಟಾಗುವ ತೀವ್ರ ಅಲರ್ಜಿ ಆಗಬಹುದು ಎಂದು. ಎಚ್ಚರಿಕೆಗೆ ಕಪ್ಪು ಕವರಿನೊಳಗೆ ಪ್ರವೇಶ ಸಿಗಲಿಲ್ಲ.

ನೋವಿನ ಮಾತ್ರೆ ದುಷ್ಟನಲ್ಲ, ಚಿಕಿತ್ಸೆಯ ಮೊದಲ ಮೆಟ್ಟಿಲು ಅದೇ. ವೈದ್ಯರನ್ನು ಕೇಳಿ, ಹೊಟ್ಟೆಗೆ ಏನಾದರೂ ಹಾಕಿಕೊಂಡು, ನೋವು ನೆತ್ತಿಗೇರುವ ಮೊದಲೇ ತೆಗೆದುಕೊಂಡರೆ ಕೆಲಸ ಮಾಡುತ್ತದೆ. ಆದರೆ ಮಾತ್ರೆಯ ಪಟ್ಟಿ ಖಾಲಿಯಾದರೂ ನೋವು ಇಳಿಯದಿದ್ದರೆ ಇನ್ನೊಂದು ಪಟ್ಟಿ ತರುವುದು ಉತ್ತರವಲ್ಲ. ಮಾತ್ರೆಗೆ ಬಗ್ಗದ ನೋವೂ ಒಂದು ಲಕ್ಷಣ.

ಮದುವೆ ಆಗಿದ್ಯಾ ವಿಭಾಗ

ಕೊನೆಗೊಂದು ದಿನ ಹತ್ತನೆಯವಳು ಸ್ಕ್ಯಾನಿಂಗ್ ಸೆಂಟರಿಗೆ ಬರುತ್ತಾಳೆ. ಗೋಡೆಯ ಮೇಲೆ ಇಲ್ಲಿ ಭ್ರೂಣಲಿಂಗ ಪತ್ತೆ ಮಾಡುವುದಿಲ್ಲ ಎಂಬ ಫಲಕ. ಅವಳಿಗೆ ಭ್ರೂಣವೂ ಇಲ್ಲ, ಪತ್ತೆಯೂ ಬೇಕಿಲ್ಲ, ನೋವು ಏಕೆಂದು ತಿಳಿದರೆ ಸಾಕು. ನೀರು ಕುಡಿಸಿ, ಮೂತ್ರ ಕಟ್ಟಿಸಿ, ಸಾಲಲ್ಲಿ ಕೂರಿಸಿದ ಮೇಲೆ ಬರುವ ಮೊದಲ ಪ್ರಶ್ನೆ, "ಮದುವೆ ಆಗಿದ್ಯಾ?"

ಈ ಪ್ರಶ್ನೆಯ ಹಿಂದೆ ಒಂದು ವೈದ್ಯಕೀಯ ಕಾರಣವಿದೆ. ಯೋನಿಯ ಮೂಲಕ ಮಾಡುವ ಸ್ಕ್ಯಾನಿನಲ್ಲಿ ಚಾಕೊಲೇಟ್ ಸಿಸ್ಟು, ಕರುಳಿಗೆ ಆಳವಾಗಿ ಇಳಿದ ಗಂಟು ಹೊಟ್ಟೆಯ ಮೇಲಿನ ಸ್ಕ್ಯಾನಿಗಿಂತ ಚೆನ್ನಾಗಿ ಕಾಣುತ್ತವೆ. ಮದುವೆಯಾಗದವಳಿಗೆ ಅದು ಬೇಡ ಎಂಬ ಸಂಕೋಚ ನಮ್ಮದು. ಸಂಕೋಚವಿರಲಿ. ಆದರೆ ಅದಕ್ಕೆ ಬದಲಾಗಿ ಎಂಆರ್‌ಐ ಉಂಟು, ಗುದದ್ವಾರದ ಮೂಲಕ ಮಾಡುವ ಸ್ಕ್ಯಾನೂ ಉಂಟು. ಅವನ್ನು ಹೇಳುವವರು ಕಡಿಮೆ. ಹೊಟ್ಟೆಯ ಮೇಲೆ ಜೆಲ್ ಸವರಿ, ಒಂದು ಸುತ್ತು ತಿರುಗಿಸಿ ಬರೆದುಕೊಡುತ್ತಾರೆ: ನಾರ್ಮಲ್.

ನಾರ್ಮಲ್ ಎಂಬ ವರದಿ ಬಂದದ್ದೇ ರೋಗ ಖುಲಾಸೆ, ಹುಡುಗಿ ಅಪರಾಧಿ. "ನೋಡು, ಏನೂ ಇಲ್ವಂತೆ, ಸುಮ್ನೆ ಎರಡು ಸಾವಿರ ಹೋಯ್ತು." ಒಳಪೊರೆಯ ಮೇಲೆ ಚುಕ್ಕಿ ಚುಕ್ಕಿಯಾಗಿ ಹರಡಿದ ಎಂಡೊಮೆಟ್ರಿಯೋಸಿಸ್ ಸ್ಕ್ಯಾನಿನ ಕಣ್ಣಿಗೆ ಬೀಳದೆ ಹೋಗುವುದು ಸಾಮಾನ್ಯ. ಸಿಎ-125 ಎಂಬ ರಕ್ತ ಪರೀಕ್ಷೆಯನ್ನು ನಂಬಿ ರೋಗ ಇದೆ, ಇಲ್ಲ ಎನ್ನಲಾಗದು. ಎಷ್ಟೋ ಕಾಲ ಹೊಟ್ಟೆಗೆ ಸಣ್ಣ ರಂಧ್ರ ಮಾಡಿ ಲ್ಯಾಪರೋಸ್ಕೋಪಿನಲ್ಲಿ ನೋಡಿದರೆ ಮಾತ್ರ ಇದು ಖಾತ್ರಿ ಎಂಬ ನಿಯಮವಿತ್ತು. ಸಂತಾನೋತ್ಪತ್ತಿ ತಜ್ಞರ ಯುರೋಪಿನ ಸಂಘ 2022ರ ಮಾರ್ಗಸೂಚಿಯಲ್ಲಿ ಅದನ್ನು ಸಡಿಲಿಸಿತು. ಲಕ್ಷಣ ಕೇಳಿ, ಪರೀಕ್ಷಿಸಿ, ಚಿತ್ರ ನೋಡಿ, ಔಷಧಿ ಶುರುಮಾಡಬಹುದು. ಚಿತ್ರದಲ್ಲಿ ಏನೂ ಕಾಣದಿದ್ದರೆ ಅಥವಾ ಔಷಧಿ ಫಲ ಕೊಡದಿದ್ದರೆ ಲ್ಯಾಪರೋಸ್ಕೋಪಿ. ಅಂದರೆ ರೋಗಿಯ ಬಾಯಿಂದ ಬಂದ ಮಾತಿಗೂ ಸಾಕ್ಷ್ಯದ ಬೆಲೆ ಬಂತು. ಅತ್ತೆಯರ ಸಂಘ ಇದನ್ನು ಇನ್ನೂ ಅಂಗೀಕರಿಸಿಲ್ಲ.

ಗ್ಯಾಸ್ಟ್ರಿಕ್ ವಿಭಾಗ

ಗರ್ಭಕೋಶ ನಿರಪರಾಧಿ ಎಂದಾದ ಮೇಲೆ ದೇಹದ ಉಳಿದ ಭಾಗಗಳ ತನಿಖೆ. ಮಲವಿಸರ್ಜನೆಗೆ ಕೂತರೆ ಪ್ರಾಣ ಹೋಗುತ್ತದೆ ಎಂದಳು. ಗ್ಯಾಸ್ಟ್ರಿಕ್ ಎಂದರು. ಮೂತ್ರ ಮಾಡುವಾಗ ನೋವು ಎಂದಳು. ಉಷ್ಣ, ಎಳನೀರು ಕುಡಿ ಎಂದರು. ಸೊಂಟ ಎಂದಳು. ಹಾಸಿಗೆ ಬದಲಾಯಿಸಿದರು. ಸುಸ್ತು ಎಂದಳು. ರಕ್ತ ಕಡಿಮೆ, ಬೀಟ್‌ರೂಟ್ ತಿನ್ನು ಎಂದರು. ಹೊಟ್ಟೆ ಉಬ್ಬರ ಎಂದಳು. ರಾತ್ರಿ ಅನ್ನ ಬಿಡು ಎಂದರು. ಮುಟ್ಟಿನ ಹೊತ್ತಲ್ಲೇ ಭುಜವೂ ನೋಯುತ್ತದೆ ಎಂದಾಗ ಇದು ನಾಟಕವೇ ಎಂದು ಖಾತ್ರಿಯಾಯಿತು. ವಪೆಯ ಮೇಲೆ ರೋಗವಿದ್ದರೆ ಭುಜಕ್ಕೆ ನೋವು ಬರುತ್ತದೆ ಎಂದು ಹೇಳಲು ಅಲ್ಲಿ ಯಾರೂ ಇರಲಿಲ್ಲ.

ಎಲ್ಲ ಪರೀಕ್ಷೆಗಳೂ ಆದವು. ಒಂದೇ ಒಂದು ಬಾಕಿ ಉಳಿಯಿತು, ಅಡುಗೆಮನೆ ಗೋಡೆಯ ಕ್ಯಾಲೆಂಡರು. ಈ ನೋವುಗಳು ಮುಟ್ಟಿನ ಆಸುಪಾಸಿನಲ್ಲೇ ಬರುತ್ತವೆಯೇ ಎಂದು ನೋಡಲು ಅಷ್ಟು ಸಾಕಿತ್ತು. ವರ್ಷಗಳು ಉರುಳಿದರೆ ನೋವು ತಿಂಗಳಿಡೀ ಹರಡಿಕೊಂಡು ಕ್ಯಾಲೆಂಡರೂ ಸಾಕ್ಷಿ ಹೇಳದಂತಾಗುತ್ತದೆ. ಆಗ ಕಟ್ಟಕಡೆಯ ತೀರ್ಪು ಬರುತ್ತದೆ: "ಟೆನ್ಶನ್ ಮಾಡ್ಕೋತಾಳೆ, ಅಷ್ಟೇ."

ಇದರಲ್ಲಿ ನಮ್ಮ ಹಳ್ಳಿ ಪೇಟೆಗಳನ್ನಷ್ಟೇ ಹೀಗಳೆಯಬಾರದು. ಶಾಸ್ತ್ರಜ್ಞರ ಕೊಡುಗೆಯೂ ದೊಡ್ಡದು. ಇಟಲಿಯ ವೈದ್ಯರ ತಂಡವೊಂದು ಕರುಳಿನವರೆಗೆ ಆಳವಾಗಿ ಇಳಿದ ಎಂಡೊಮೆಟ್ರಿಯೋಸಿಸ್ ಇರುವ ಹೆಂಗಸರು ಉಳಿದವರಿಗಿಂತ ಹೆಚ್ಚು ಚೆಲುವೆಯರೇ ಎಂದು ಅಂಕ ಹಾಕಿ ಅಧ್ಯಯನ ನಡೆಸಿತು. 2013ರಲ್ಲಿ ಹೆಸರಾಂತ ವೈದ್ಯಕೀಯ ಪತ್ರಿಕೆ ಅದನ್ನು ಅಚ್ಚು ಹಾಕಿತು. ಪ್ರಬಂಧ ಹಿಂದಕ್ಕೆ ಪಡೆದದ್ದು 2020ರಲ್ಲಿ. ನೋವಿನ ಕಾರಣ ಹುಡುಕಲು ಹಣವಿಲ್ಲ, ಸಮಯವಿಲ್ಲ ಎನ್ನುವ ಜಗತ್ತು ವಧುಪರೀಕ್ಷೆಗೆ ಎರಡನ್ನೂ ಹೊಂದಿಸಿತು.

ದುಡ್ಡಿದ್ದವರಿಗೆ ಇದೆಲ್ಲ ಸುಲಭವೇ? ಚೆನ್ನೈನಲ್ಲಿ ಹುಟ್ಟಿ ಅಮೆರಿಕದಲ್ಲಿ ಬೆಳೆದ ರೂಪದರ್ಶಿ, ಟಿ.ವಿ. ನಿರೂಪಕಿ ಪದ್ಮಾ ಲಕ್ಷ್ಮಿ ಹದಿಮೂರರ ವಯಸ್ಸಿನಿಂದ ಈ ರೋಗದಿಂದ ನರಳುತ್ತಾ ಬಂದವರು. ರೋಗದ ಹೆಸರು ತಿಳಿಯುವಾಗ ಅವರಿಗೆ 36. ಆಮೇಲೆ 2009ರಲ್ಲಿ ಅವರು ಅಮೆರಿಕದಲ್ಲಿ ಈ ರೋಗಕ್ಕೆಂದೇ ಒಂದು ಪ್ರತಿಷ್ಠಾನ ಕಟ್ಟಲು ಜೊತೆಗೂಡಿದರು. ನ್ಯೂಯಾರ್ಕಿನಲ್ಲೂ ಎದುರುಮನೆ ಆಂಟಿಯರಿದ್ದಾರೆ ಎಂದಾಯಿತು.

ವಿವಾಹ ವಿಭಾಗ

ಹುಚ್ಚು ಬಿಡದೆ ಮದುವೆ ಆಗಲ್ಲ, ಮದುವೆ ಆಗದೆ ಹುಚ್ಚು ಬಿಡಲ್ಲ ಎಂಬ ಗಾದೆ ನಮ್ಮಲ್ಲಿ ಬರೀ ಗಾದೆಯಲ್ಲ, ಔಷಧಿ ಚೀಟಿ. "ಮದ್ವೆ ಆದ್ರೆ ಎಲ್ಲ ಸರಿಹೋಗುತ್ತೆ." ಈ ಸೂತ್ರಕ್ಕೆ ಅಂತರರಾಷ್ಟ್ರೀಯ ಮಾನ್ಯತೆಯೂ ಇತ್ತು. ಬಾಸ್ಟನ್ನಿನ ಪ್ರಸಿದ್ಧ ಸ್ತ್ರೀರೋಗ ತಜ್ಞ ಜೋ ವಿನ್ಸೆಂಟ್ ಮೀಗ್ಸ್ 1940ರ ದಶಕದಲ್ಲಿ, ತಡವಾಗಿ ಮದುವೆಯಾಗುವುದು ಈ ರೋಗಕ್ಕೆ ಕಾರಣ, ಬೇಗ ಮದುವೆಯಾಗಿ ಬೇಗ ಹೆರಿ ಎಂದು ಪ್ರತಿಪಾದಿಸಿದ. ಓದಿದ, ಕೆಲಸಕ್ಕೆ ಹೋಗುವ ಹೆಂಗಸರ ಕಾಯಿಲೆ ಎಂಬ ಹಣೆಪಟ್ಟಿ ಇದಕ್ಕೆ ದಶಕಗಟ್ಟಲೆ ಅಂಟಿಕೊಂಡಿತ್ತು. ಹದಿನಾರಕ್ಕೇ ಮದುವೆಯಾಗಿ ಕೂಲಿಗೆ ಹೋಗುವವಳು ಹೊಟ್ಟೆ ಹಿಡಿದುಕೊಂಡರೆ ಅದನ್ನು ಎಣಿಸಲು ಯಾರೂ ಹೋಗಿರಲಿಲ್ಲ, ಅಷ್ಟೇ.

ಇಲ್ಲಿ ಒಂದು ಸೂಕ್ಷ್ಮವಿದೆ. ಈ ರೋಗವನ್ನು ಹತೋಟಿಗೆ ತರುವ ಔಷಧಿಗಳಲ್ಲಿ ಗರ್ಭನಿರೋಧಕ ಮಾತ್ರೆಯೂ ಒಂದು. ಮುಟ್ಟನ್ನು ತಗ್ಗಿಸಿ, ಬೇಕಾದರೆ ನಿಲ್ಲಿಸಿ, ನೋವನ್ನು ಇಳಿಸುತ್ತದೆ. ವೈದ್ಯರು ಬರೆದುಕೊಟ್ಟರೆ ಅಮ್ಮ ಚೀಟಿ ಮಡಚಿ ಬ್ಯಾಗಿಗೆ ಹಾಕಿಕೊಳ್ಳುತ್ತಾಳೆ. "ಮದ್ವೆ ಆಗ್ದಿರೋ ಹುಡ್ಗಿ ಆ ಮಾತ್ರೆ ತಗೊಂಡ್ರೆ ನಾಳೆ ಯಾರಿಗಾದ್ರೂ ಗೊತ್ತಾದ್ರೆ?" ಗರ್ಭ ತಡೆಯುವ ಮಾತ್ರೆ ಮದುವೆಗೆ ಮುಂಚೆ ನಿಷಿದ್ಧ, ಗರ್ಭವೇ ಮಾತ್ರೆ ಎಂಬುದು ಮದುವೆಯ ನಂತರದ ಸಿದ್ಧಾಂತ.

ಮದುವೆಯಾಯಿತು. ಹತ್ತನೆಯವಳಿಗೆ ಗಂಡನ ಜತೆ ಮಲಗಿದರೆ ಒಳಗೆ ಆಳದಲ್ಲಿ ಇರಿಯುವ ನೋವು. ಇದೂ ಈ ರೋಗದ ಸ್ಪಷ್ಟ ಲಕ್ಷಣ. ಆದರೆ ಹೇಳುವುದು ಯಾರಿಗೆ? ಗಂಡ ತನ್ನನ್ನು ಕಂಡರೆ ಇವಳಿಗೆ ಆಗದು ಎಂದುಕೊಂಡ, ಅತ್ತೆ ಮಾಟ ಎಂದಳು. ಜ್ಯೋತಿಷಿಗಳು ಕುಜದೋಷ ಎಂದು ಮೂರೂ ಮಂದಿಗೆ ನ್ಯಾಯ ಒದಗಿಸಿದರು.

ಸಂತಾನ ವಿಭಾಗ

"ಒಂದ್ ಮಗು ಆಗ್ಲಿ, ನೋವೆಲ್ಲ ಹೋಗುತ್ತೆ" ಎಂಬುದು ಮುಂದಿನ ಚೀಟಿ. ಬಸಿರಿನಲ್ಲಿ ಮುಟ್ಟು ನಿಂತು ಕೆಲವರಿಗೆ ನೋವು ತಗ್ಗುವುದುಂಟು, ಆಮೇಲೆ ಮರಳಿ ಬರುವುದೂ ಉಂಟು. ಎಂಡೊಮೆಟ್ರಿಯೋಸಿಸ್ ಗುಣವಾಗಲಿ ಎಂಬ ಒಂದೇ ಉದ್ದೇಶಕ್ಕೆ ಬಸಿರಾಗಲು ಹೇಳಬೇಡಿ ಎಂದು ಅದೇ 2022ರ ಮಾರ್ಗಸೂಚಿ ವೈದ್ಯರಿಗೆ ತಿಳಿಸಿದೆ. ಒಂದು ಜೀವವನ್ನು ಈ ಭೂಮಿಗೆ ತರಲು ಹಲವು ಕಾರಣಗಳಿರಬಹುದು, ಅಮ್ಮನ ನೋವಿನ ಮಾತ್ರೆಯಾಗಲಿ ಎಂಬುದು ಅದರಲ್ಲಿ ಸೇರುವುದಿಲ್ಲ. ಇನ್ನೊಂದು ವಿಡಂಬನೆಯೆಂದರೆ, ಗರ್ಭ ನಿಲ್ಲಲು ಕಷ್ಟವಾಗುವುದೂ ಈ ರೋಗದ ಫಲ. ಇದ್ದವರಿಗೆಲ್ಲ ಮಕ್ಕಳಾಗುವುದಿಲ್ಲ ಎಂದಲ್ಲ, ಎಷ್ಟೋ ಜನ ಸಹಜವಾಗಿ ಹೆತ್ತಿದ್ದಾರೆ. ಆದರೆ ಮಗು ತಡವಾಯಿತೆಂದು ಬರುವವರಲ್ಲಿ ಈ ರೋಗ ಸಿಗುವುದು ಬಹಳ.

ಮಗು ತಡವಾದ ಕೂಡಲೇ ಮನೆಯಲ್ಲೊಂದು ಪವಾಡ ನಡೆಯುತ್ತದೆ. ಎರಡು ಸಾವಿರದ ಸ್ಕ್ಯಾನಿಗೆ ಗೊಣಗಿದ ಮನೆ ಲಕ್ಷಗಳನ್ನು ಹೊಂದಿಸುತ್ತದೆ. ಮಾವ ಸೈಟು ಮಾರುತ್ತಾನೆ, ಅತ್ತೆ ಬಳೆ ಬಿಚ್ಚಿಕೊಡುತ್ತಾಳೆ, ಗಂಡ ರಜೆ ಹಾಕುತ್ತಾನೆ. ಬೆಂಗಳೂರಿನ ಸರ್ಕಲ್‌ಗಳಲ್ಲಿ ನಗುವ ಮಗುವಿನ ಹೋರ್ಡಿಂಗ್ ಹಾಕಿದ ಕೇಂದ್ರಗಳ ಬಾಗಿಲು ತೆರೆಯುತ್ತದೆ. ಮೊದಲ ಬಾರಿಗೆ ಯಾರೋ ಹತ್ತನೆಯವಳ ಹೊಟ್ಟೆಯ ಒಳಗೆ ಗಮನವಿಟ್ಟು ನೋಡುತ್ತಾರೆ, "ಇದು ಎಷ್ಟು ವರ್ಷದಿಂದ ಇದೆಯಮ್ಮಾ, ಮುಂಚೆಯೇ ಯಾಕೆ ಬರಲಿಲ್ಲ?" ಎಂದು ಕೇಳುತ್ತಾರೆ.

ಈ ಕಥೆಯ ತಿರುಳೇ ಇದು. ಹನ್ನೆರಡು ವರ್ಷ ಅವಳಿಗೆ ನೋಯುತ್ತಿತ್ತು, ಅದು ತುರ್ತಲ್ಲ. ವಂಶಕ್ಕೆ ನೋವಾಯಿತು, ಆಗ ತುರ್ತಾಯಿತು. ನಮ್ಮ ಕಣ್ಣಲ್ಲಿ ಗರ್ಭಕೋಶ ಒಂದು ಕಾರ್ಖಾನೆ. ಉತ್ಪಾದನೆ ನಿಂತರೆ ಇಂಜಿನಿಯರನ್ನು ಕರೆಸುತ್ತೇವೆ, ಒಳಗೆ ಕೆಲಸದವಳು ಚೀರಿದರೆ ಬಾಗಿಲು ಹಾಕಿಕೊಳ್ಳುತ್ತೇವೆ.

ಕಿತ್ತುಹಾಕು ವಿಭಾಗ

ಒಂದೋ ಎರಡೋ ಮಕ್ಕಳಾದ ಮೇಲೆ ಕಾರ್ಖಾನೆಯ ಕೆಲಸ ಮುಗಿಯಿತು. ನೋವು ಮುಗಿದಿಲ್ಲ. "ಇನ್ನು ಅದ್ರಿಂದ ಏನ್ ಕೆಲ್ಸ? ತೆಗ್ಸಿಬಿಡಿ." ಇಷ್ಟು ವರ್ಷ ಏನೂ ಇಲ್ಲ ಎಂದವರೇ ಈಗ ಎಲ್ಲವನ್ನೂ ತೆಗೆಸಲು ಹೊರಡುತ್ತಾರೆ.

ಈ ವಿಭಾಗದಲ್ಲಿ ಕರ್ನಾಟಕದ ಸಾಧನೆ ಕಡಿಮೆಯದಲ್ಲ. ಕಲಬುರಗಿ ಜಿಲ್ಲೆಯ ತಾಂಡಾಗಳ ಲಂಬಾಣಿ ಹೆಣ್ಣುಮಕ್ಕಳು ಹೊಟ್ಟೆನೋವು, ಬಿಳಿಸೆರಗು ಎಂದು ಖಾಸಗಿ ಆಸ್ಪತ್ರೆಗಳಿಗೆ ಹೋಗಿ ಗರ್ಭಕೋಶ ಕಳೆದುಕೊಂಡು ಬಂದದ್ದು 2015ರ ಸುಮಾರಿಗೆ ದೊಡ್ಡ ಸುದ್ದಿಯಾಯಿತು, ಆಮೇಲೆ ಅವರು ಬೀದಿಗಿಳಿದು ನ್ಯಾಯ ಕೇಳಿದರು. ಅನಗತ್ಯವಾಗಿ ಗರ್ಭಕೋಶ ತೆಗೆಯುವುದನ್ನು ತಡೆಯುವ ಕೇಂದ್ರದ ಮಾರ್ಗಸೂಚಿಯನ್ನು ಮೂರು ತಿಂಗಳೊಳಗೆ ಜಾರಿಗೆ ತನ್ನಿ ಎಂದು ಸುಪ್ರೀಂ ಕೋರ್ಟ್ 2023ರ ಏಪ್ರಿಲ್‌ನಲ್ಲಿ ರಾಜ್ಯಗಳಿಗೆಲ್ಲ ಹೇಳಬೇಕಾಯಿತು.

ಎಂಡೊಮೆಟ್ರಿಯೋಸಿಸ್ ಇದ್ದವರಿಗೆ ಗರ್ಭಕೋಶ ತೆಗೆದರೆ ಗುಣವಾಗುತ್ತದೆಯೇ? ಕೆಲವರಿಗೆ ಬೇರೆ ದಾರಿಗಳೆಲ್ಲ ಮುಗಿದ ಮೇಲೆ ಅದು ನೆರವಾಗಬಹುದು, ಗರ್ಭಕೋಶದ ಗೋಡೆಯೊಳಗೇ ರೋಗವಿರುವ ಅಡಿನೊಮಯೋಸಿಸ್ ಜತೆಗಿದ್ದರೆ ಇನ್ನೂ ಹೆಚ್ಚು. ಆದರೆ ರೋಗದ ವಿಳಾಸವೇ ಗರ್ಭಕೋಶದ ಹೊರಗೆ. ಹೊರಗಿನ ಗಂಟುಗಳನ್ನು ಅಲ್ಲೇ ಬಿಟ್ಟು ಗರ್ಭಕೋಶ ಕಿತ್ತರೆ ಬಾಡಿಗೆದಾರ ಎದುರುಮನೆಯಲ್ಲಿದ್ದಾನೆ, ಕೆಡವಿದ್ದು ಇವಳ ಮನೆ. ಜತೆಗೆ ಎರಡೂ ಅಂಡಾಶಯ ತೆಗೆದರೆ ಎಳೆ ವಯಸ್ಸಿಗೇ ಮುಟ್ಟು ನಿಂತು ಮೂಳೆ ಸವೆಯುವುದು, ಹೃದಯದ ತೊಂದರೆಯ ಅಪಾಯ ಹೆಚ್ಚುವುದು ಬೇರೆ.

ರಜಾ ವಿಭಾಗ

2025ರ ಅಕ್ಟೋಬರಿನಲ್ಲಿ ರಾಜ್ಯ ಸಚಿವ ಸಂಪುಟ ಸರ್ಕಾರಿ, ಖಾಸಗಿ ಎರಡೂ ಕಡೆ ದುಡಿಯುವ ಮಹಿಳೆಯರಿಗೆ ತಿಂಗಳಿಗೊಂದು ದಿನ, ವರ್ಷಕ್ಕೆ 12 ದಿನ ವೇತನ ಸಹಿತ ಮುಟ್ಟಿನ ರಜೆ ಒಪ್ಪಿತು. ಒಳ್ಳೆಯ ಕೆಲಸ. ಬಿಹಾರ ಸರ್ಕಾರಿ ನೌಕರರಿಗೆ 1992ರಲ್ಲೇ ತಿಂಗಳಿಗೆ ಎರಡು ದಿನ ಕೊಟ್ಟಿತ್ತು ಎಂಬುದು ಬೇರೆ ಮಾತು. ಸುದ್ದಿ ಬಂದ ಸಂಜೆಯೇ ವಾಟ್ಸ್ಆ್ಯಪಿನಲ್ಲಿ ತಜ್ಞರ ಸಭೆ ಸೇರಿತು. "ಹಂಗಾದ್ರೆ ಗಂಡಸ್ರಿಗೆ ಶೇವಿಂಗ್ ರಜೆ ಕೊಡ್ಲಿ" ಎಂಬ ನಗೆಹನಿ ಊರೆಲ್ಲ ಸುತ್ತಿತು. ಮ್ಯಾನೇಜರು ಸಂದರ್ಶನಕ್ಕೆ ಬಂದ ಹುಡುಗಿಯನ್ನು ನೋಡಿ ಮನಸ್ಸಿನಲ್ಲೇ 12ನ್ನು ಕಳೆದ.

ಹತ್ತನೆಯವಳಿಗೆ ಆ ಒಂದು ದಿನ ದೊಡ್ಡದು, ನಿಜ. ಆದರೆ ರಜೆ ಚಿಕಿತ್ಸೆಯಲ್ಲ. ಆಫೀಸಿನ ಕುರ್ಚಿಯಲ್ಲಿ ನರಳುವುದನ್ನು ಬಿಟ್ಟು ಮನೆಯ ಮಂಚದ ಮೇಲೆ ನರಳಲು ಸಿಕ್ಕ ಅನುಮತಿ ಅದು. ಮನೆಮನೆ ಪಾತ್ರೆ ತೊಳೆಯುವವಳಿಗೆ, ಈರುಳ್ಳಿ ಹೊಲದಲ್ಲಿ ಕಳೆ ಕೀಳುವವಳಿಗೆ ಆ ಅನುಮತಿ ಚೀಟಿ ಬರೆದುಕೊಡುವ ಎಚ್‌ಆರ್ ಇನ್ನೂ ಹುಟ್ಟಿಲ್ಲ.

ಇನ್ನು ಬರೀ ಡಾಕ್ಟರುಗಳ ಮಾತು

ಇಷ್ಟೆಲ್ಲ ಮಹಾತಜ್ಞರ ನಡುವೆ, ಬರೀ ಎಂಬಿಬಿಎಸ್, ಎಂ.ಡಿ. ಮಾಡಿಕೊಂಡವರ ಮಾತಿಗೂ ಒಂದಿಷ್ಟು ಜಾಗ ಕೊಡೋಣ. ಈ ರೋಗವನ್ನು ಬುಡಸಮೇತ ತೆಗೆಯುವ ಔಷಧಿ ಇನ್ನೂ ಇಲ್ಲ. ಹತೋಟಿಗೆ ತರುವ ದಾರಿಗಳು ಬೇಕಾದಷ್ಟಿವೆ. ಮೊದಲು ನೋವಿನ ಮಾತ್ರೆ. ಅದರ ಜತೆ ಅಥವಾ ನಂತರ ಹಾರ್ಮೋನು: ಗರ್ಭನಿರೋಧಕ ಮಾತ್ರೆ, ಡೈನೋಜೆಸ್ಟ್‌ನಂಥ ಪ್ರೊಜೆಸ್ಟಿನ್ ಮಾತ್ರೆ, ಗರ್ಭಕೋಶದೊಳಗೆ ಕೂರಿಸುವ ಹಾರ್ಮೋನು ವಂಕಿ. ಡೈನೋಜೆಸ್ಟ್ ಶುರುವಿನಲ್ಲಿ ಅಲ್ಲಲ್ಲಿ ರಕ್ತಸ್ರಾವ, ಕೆಲವರಿಗೆ ಮನಸ್ಸಿನ ಏರಿಳಿತ ತರಬಹುದು, ಇದನ್ನು ಮೊದಲೇ ಹೇಳಿದರೆ ಹೆದರಿ ಬಿಡುವವರು ಕಡಿಮೆಯಾಗುತ್ತಾರೆ. ಇವಕ್ಕೂ ಬಗ್ಗದಿದ್ದರೆ ಜಿಎನ್‌ಆರ್‌ಎಚ್ ಗುಂಪಿನ ಚುಚ್ಚುಮದ್ದು. ಇದು ದೇಹವನ್ನು ತಾತ್ಕಾಲಿಕವಾಗಿ ಮುಟ್ಟು ನಿಂತ ಸ್ಥಿತಿಗೆ ತರುತ್ತದೆ, ಮೂಳೆ ಸವೆಯುವುದರಿಂದ ಹಾರ್ಮೋನಿನ ಆಸರೆಯೊಂದಿಗೆ ಎಚ್ಚರದಿಂದ ಕೊಡಬೇಕು.

ಔಷಧಿ ಸಾಲದಾದರೆ, ಅಂಗಗಳು ಅಂಟಿಕೊಂಡಿದ್ದರೆ, ಗಡ್ಡೆ ದೊಡ್ಡದಾದರೆ ಲ್ಯಾಪರೋಸ್ಕೋಪಿಯಲ್ಲಿ ರೋಗದ ಗಂಟುಗಳನ್ನು ಕತ್ತರಿಸಿ ತೆಗೆಯುವ ಶಸ್ತ್ರಚಿಕಿತ್ಸೆ. ಇದರಲ್ಲಿ ಪಳಗಿದ ಕೈಯೇ ಬೇಕು, ಕರುಳಿಗೆ ಇಳಿದಿದ್ದರೆ ಕರುಳಿನ ಸರ್ಜನ್ ಜತೆಗಿರಬೇಕು. ಅಂಡಾಶಯದ ಸಿಸ್ಟ್ ತೆಗೆಯುವಾಗ ಅಂಡಗಳ ದಾಸ್ತಾನೂ ಕಡಿಮೆಯಾಗಬಹುದು, ಮುಂದೆ ಮಕ್ಕಳು ಬೇಕೆನ್ನುವವರು ಈ ಮಾತನ್ನು ಚಾಕು ಬೀಳುವ ಮೊದಲೇ ಕೇಳಿ ತಿಳಿದುಕೊಳ್ಳಬೇಕು. ಆಪರೇಷನ್ ಆದ ಮೇಲೂ ರೋಗ ಮರುಕಳಿಸಬಹುದು, ಹಾರ್ಮೋನು ಮಾತ್ರೆ ಮುಂದುವರಿಸಿದರೆ ಆ ಸಂಭವ ತಗ್ಗುತ್ತದೆ. ಕಿಬ್ಬೊಟ್ಟೆಯ ಸ್ನಾಯುಗಳಿಗೆ ಫಿಸಿಯೋಥೆರಪಿ, ವ್ಯಾಯಾಮ, ಮನಸ್ಸಿಗೆ ಆಸರೆ ಇವೂ ಚಿಕಿತ್ಸೆಯ ಭಾಗಗಳೇ. ರೋಗಕ್ಕೆ ಒಂದರಿಂದ ನಾಲ್ಕರವರೆಗೆ ಹಂತಗಳಿವೆ, ಆದರೆ ಹಂತಕ್ಕೂ ನೋವಿಗೂ ತಾಳೆಯಿಲ್ಲ. ಒಂದನೇ ಹಂತದವಳು ನೆಲದ ಮೇಲೆ ಹೊರಳಾಡಬಹುದು, ನಾಲ್ಕನೇ ಹಂತದವಳಿಗೆ ಗೊತ್ತೇ ಆಗದಿರಬಹುದು. ಆದ್ದರಿಂದ "ಸ್ವಲ್ಪವೇ ಇದೆಯಂತೆ, ಇಷ್ಟೊಂದು ಯಾಕೆ ಅರಚ್ತಾಳೆ" ಎಂಬ ತೀರ್ಪನ್ನೂ ಮಂಡಳಿ ಹಿಂದಕ್ಕೆ ಪಡೆಯಬೇಕಾಗುತ್ತದೆ.

ಕೊನೆಗೆ ಹತ್ತನೆಯವಳಿಗೇ ಒಂದು ಮಾತು. ನೋವು ಯಾವ ದಿನ, ಎಲ್ಲಿ, ಎಷ್ಟು ಹೊತ್ತು, ಎಷ್ಟು ಮಾತ್ರೆಗೆ ಇಳಿಯಿತು, ಮಲಮೂತ್ರಕ್ಕೆ, ಸಂಭೋಗಕ್ಕೆ ನೋವಿತ್ತೇ ಎಂದು ನಾಲ್ಕು ತಿಂಗಳು ಬರೆದಿಡಮ್ಮಾ. ಆ ಹಾಳೆ ಹಿಡಿದು ಸ್ತ್ರೀರೋಗ ತಜ್ಞರ ಹತ್ತಿರ ಹೋಗು, "ಇದು ಎಂಡೊಮೆಟ್ರಿಯೋಸಿಸ್ ಇರಬಹುದಾ ಡಾಕ್ಟ್ರೇ?" ಎಂದು ನೇರವಾಗಿ ಕೇಳು. ಕೇಳದ ಹಾಗೆ ಮಾಡಿದರೆ ಇನ್ನೊಬ್ಬ ಡಾಕ್ಟರನ್ನು ನೋಡು. ಉಳಿದ ಒಂಬತ್ತು ಮಂದಿಗೂ, ಅವರ ಅಪ್ಪ ಅಣ್ಣ ಗಂಡಂದಿರಿಗೂ, ಮೇಷ್ಟ್ರು ಮ್ಯಾನೇಜರಿಗೂ ಇರುವ ಕೆಲಸ ಇದಕ್ಕಿಂತ ಸಣ್ಣದು. ಅವಳು ನೋಯುತ್ತಿದೆ ಎಂದಾಗ ನಂಬಿ, ಮದುವೆಗೂ ಮಗುವಿಗೂ ಕಾಯದೆ ಆ ನೋವಿಗೇ ಚಿಕಿತ್ಸೆ ಕೊಡಿಸಿ.